ಹಾಜರಿ ಪುಸ್ತಕದಲ್ಲಿ ಯಾರ ಹೆಸರು

ಹೊಸ ಉದ್ದಿಮೆ ಶುರು ಮಾಡುವುದು ಎಷ್ಟು ಸಲೀಸಾಯಿತು ಎಂಬುದನ್ನು ನಮ್ಮ ಸರ್ಕಾರಗಳು ಅಳೆಯುವುದು ದಿನಗಳಲ್ಲಿ, ಅರ್ಜಿಗಳಲ್ಲಿ ಮತ್ತು ಕೋಟಿಗಳಲ್ಲಿ. ಉದ್ದಿಮೆ ನಡೆಸುವ ಸುಲಭತೆಯ ಬಗೆಗಿನ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ 2014ರಲ್ಲಿ 142ನೇ ಸ್ಥಾನದಲ್ಲಿದ್ದ ಭಾರತ 2019ರ ಹೊತ್ತಿಗೆ 63ಕ್ಕೆ ಏರಿದಾಗ ಅದನ್ನು ದೊಡ್ಡ ಸಾಧನೆಯೆಂದು ಸಾರಲಾಯಿತು. ಅಂಕಿಅಂಶಗಳಲ್ಲಿ ಅಕ್ರಮ ಕಂಡುಬಂದು 2021ರಲ್ಲಿ ಬ್ಯಾಂಕು ಆ ಪಟ್ಟಿಯನ್ನೇ ನಿಲ್ಲಿಸಿತು. ಕರ್ನಾಟಕದಲ್ಲಿ 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಬಂದಂದಿನಿಂದ ಏಕಗವಾಕ್ಷಿಯ ಮಾತು ನಡೆಯುತ್ತಲೇ ಇದೆ. ಪ್ರತಿ ಬಂಡವಾಳ ಹೂಡಿಕೆ ಸಮಾವೇಶದ ಕೊನೆಗೆ ಇಷ್ಟು ಕೋಟಿ ಬಂಡವಾಳ, ಇಷ್ಟು ಲಕ್ಷ ಉದ್ಯೋಗ ಎಂಬ ಪ್ರಕಟಣೆ ಹೊರಬೀಳುತ್ತದೆ. ಆ ಲಕ್ಷದೊಳಗೆ ಹೆಂಗಸರೆಷ್ಟು, ಕಾಯಂ ಆದವರೆಷ್ಟು, ಗುತ್ತಿಗೆದಾರನ ಮೂಲಕ ಬಂದವರೆಷ್ಟು, ಕಸಬು ಕಲಿತು ಮುಂದೆ ಹೋದವರೆಷ್ಟು ಎಂಬ ವಿವರ ಮಾತ್ರ ಅದರಲ್ಲಿ ಇರುವುದಿಲ್ಲ.

ಪ್ರವೇಶದ ನಿಯಮ ಸಡಿಲವಾದಾಗ ಉದ್ಯೋಗಗಳ ಸಂಖ್ಯೆ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬುದರ ಮೇಲೆ ಅರ್ಥಶಾಸ್ತ್ರಜ್ಞರು ದಶಕಗಳಿಂದ ವಾದಿಸುತ್ತಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳು. ಯಾರು ಕಂಪನಿ ತೆರೆಯಬಹುದು ಎಂಬುದನ್ನು ಪ್ರವೇಶದ ನಿಯಮ ಹೇಳುತ್ತದೆ. ತೆರೆದ ಕಂಪನಿ ಯಾರನ್ನು, ಯಾವ ಕರಾರಿನ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ ಎಂಬುದನ್ನು ಹೇಳುವವು ಬೇರೆಯ ನಿಯಮಗಳು: ಕೆಲಸದಿಂದ ತೆಗೆಯುವ ಕಾನೂನು, ಗುತ್ತಿಗೆಯ ಕಾನೂನು, ರಾತ್ರಿ ಪಾಳಿಯ ಕಾನೂನು, ತರಬೇತಿಯ ಹೊಣೆ. ಮೊದಲನೆಯದನ್ನು ಸಡಿಲಿಸಿ ಎರಡನೆಯವನ್ನು ಹಾಗೆಯೇ ಬಿಟ್ಟರೆ, ಬಿಗಿಯಾಗಿ ಉಳಿದ ಆ ಎರಡನೆಯ ನಿಯಮಗಳು ಯಾವ ಬಗೆಯ ಕಾರ್ಮಿಕರನ್ನು ಅಗ್ಗವಾಗಿಸಿವೆಯೋ ಅಂಥವರಿಂದ ಹೊಸ ಕಾರ್ಖಾನೆಗಳು ತುಂಬಿಕೊಳ್ಳುತ್ತವೆ. ಇದಕ್ಕೆ ಭಾರತದಲ್ಲೇ ಬಹಳ ಸ್ಪಷ್ಟವಾದ ಒಂದು ಉದಾಹರಣೆ ಇದೆ.

1967ರಲ್ಲಿ ಕೇಂದ್ರ ಸರ್ಕಾರ 47 ವಸ್ತುಗಳನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಟ್ಟಿತು. ಜನತಾ ಸರ್ಕಾರದ ಕಾಲದಲ್ಲಿ ಆ ಪಟ್ಟಿ ಒಮ್ಮೆಲೇ ಹಿಗ್ಗಿ, ಮುಂದೆ 800ಕ್ಕೂ ಹೆಚ್ಚು ವಸ್ತುಗಳಿಗೆ ಮುಟ್ಟಿತು. ಉಪ್ಪಿನಕಾಯಿ, ಬ್ರೆಡ್ಡು, ಬಟ್ಟೆ ಸೋಪು, ಬೀಗ, ಸ್ಟೀಲ್ ಪಾತ್ರೆ, ಗಾಜಿನ ಬಳೆ, ಬೆಂಕಿಪೊಟ್ಟಣ, ಪಟಾಕಿ, ಅಗರಬತ್ತಿ, ಸಿದ್ಧ ಉಡುಪು ಎಲ್ಲವೂ ಅದರಲ್ಲಿದ್ದವು. ಯಂತ್ರೋಪಕರಣಗಳ ಮೇಲಿನ ಹೂಡಿಕೆ ಒಂದು ಮಿತಿಯನ್ನು ದಾಟಿದ ಕಂಪನಿ ಈ ವಸ್ತುಗಳನ್ನು ಹೊಸದಾಗಿ ತಯಾರಿಸುವಂತಿರಲಿಲ್ಲ. ಮೊದಲೇ ಇದ್ದ ದೊಡ್ಡ ಕಂಪನಿಗಳು ಇದ್ದಷ್ಟನ್ನೇ ತಯಾರಿಸಿಕೊಂಡಿರಬೇಕಿತ್ತು. ಉತ್ಪಾದನೆಯ ಬಹುಪಾಲನ್ನು ರಫ್ತು ಮಾಡುತ್ತೇವೆಂದು ಒಪ್ಪಿಕೊಂಡವರಿಗೆ ಮಾತ್ರ ವಿನಾಯಿತಿ. 1991ರ ಜುಲೈ 24ರಂದು ಪ್ರಕಟವಾದ ಹೊಸ ಕೈಗಾರಿಕಾ ನೀತಿ ಹದಿನೆಂಟು ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ಪದ್ಧತಿಯನ್ನು ರದ್ದುಮಾಡಿತಾದರೂ ಈ ಮೀಸಲು ಪಟ್ಟಿಯನ್ನು ಮುಟ್ಟಲಿಲ್ಲ. 1997ರಲ್ಲಿ ಆಬಿದ್ ಹುಸೇನ್ ಸಮಿತಿ ಪಟ್ಟಿಯನ್ನು ಪೂರ್ತಿ ಕೈಬಿಡಬೇಕೆಂದು ಶಿಫಾರಸು ಮಾಡಿತು. ಅಲ್ಲಿಂದ ಒಂದೊಂದು ಕಂತಿನಲ್ಲಿ ವಸ್ತುಗಳು ಹೊರಬಂದವು. ಕೊನೆಯ ಇಪ್ಪತ್ತು ಬಿಡುಗಡೆಯಾದದ್ದು 2015ರ ಏಪ್ರಿಲ್‌ನಲ್ಲಿ.

ಆ ಪಟ್ಟಿಯ ಹಿಂದಿದ್ದ ಕಳಕಳಿಯನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಂಡವಾಳ ಕಡಿಮೆ, ಕೈಗಳು ಹೆಚ್ಚು ಇರುವ ದೇಶದಲ್ಲಿ ಯಂತ್ರ ಕೈಯನ್ನು ನುಂಗಬಾರದು ಎಂಬುದು ಆ ಕಾಲದ ಪ್ರಾಮಾಣಿಕ ಆತಂಕವಾಗಿತ್ತು. ಆದರೆ ಸ್ಪರ್ಧೆಯಿಂದ ಮಾಲೀಕನನ್ನು ಕಾಪಾಡಿದರೆ ಅವನ ಕೈಕೆಳಗಿನ ಕೆಲಸಗಾರನನ್ನೂ ಕಾಪಾಡಿದಂತೆ ಎಂಬ ಊಹೆ ಅದರೊಳಗೆ ಅಡಗಿತ್ತು. ಆ ಊಹೆ ನಿಲ್ಲಲಿಲ್ಲ. ಬೆಂಕಿಪೊಟ್ಟಣ ಮತ್ತು ಪಟಾಕಿ ಕೊನೆಯ ದಿನದವರೆಗೂ ಮೀಸಲು ಪಟ್ಟಿಯಲ್ಲಿದ್ದ ವಸ್ತುಗಳು. ಶಿವಕಾಶಿಯ ಬೆಂಕಿಪೊಟ್ಟಣ ಕಾರ್ಖಾನೆಗಳ ಮಕ್ಕಳ ದುಡಿಮೆಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಗಿ ಬಂತು. ಹೊಸ ದೊಡ್ಡ ಕಂಪನಿಗಳ ಪೈಪೋಟಿಯಿಲ್ಲದೆ ಬೆಳೆದ ಉದ್ಯಮ ತನ್ನ ಕೆಲಸಕ್ಕೆ ಮಕ್ಕಳನ್ನು ಆರಿಸಿಕೊಂಡಿತ್ತು. ಯಂತ್ರದ ಹೂಡಿಕೆಗೆ ಮಿತಿ ಇದ್ದಾಗ ಗಳಿಕೆ ಹೆಚ್ಚಿಸಲು ಉಳಿಯುವ ದಾರಿ ಕೂಲಿಯನ್ನು ಕೆಳಗಿಡುವುದು.

ಇನ್ನೂ ಒಂದು ಪರಿಣಾಮವಿತ್ತು. ಹತ್ತು-ಹನ್ನೆರಡು ಜನರ ಘಟಕಕ್ಕೆ ಕೆಲಸಗಾರರು ಬರುವುದು ಗೊತ್ತಿದ್ದವರ ಮೂಲಕ. ಮಾಲೀಕನ ಊರಿನವರು, ಜಾತಿಯವರು, ಹಳೆಯ ಕೆಲಸಗಾರನ ಭಾವಮೈದುನ, ಪಕ್ಕದ ಮನೆಯ ಹುಡುಗ ಹೀಗೆ ಜಾಗ ತುಂಬುತ್ತದೆ. ಇದರಲ್ಲಿ ಕೆಡುಕಿನ ಉದ್ದೇಶ ಇರಬೇಕಾಗಿಲ್ಲ. ನಂಬಿಕೆಯೇ ಅಲ್ಲಿ ನೇಮಕಾತಿಯ ವಿಧಾನ. ಆದರೆ ಅಂಥ ನಂಬಿಕೆಯ ವರ್ತುಲದೊಳಗೆ ಯಾರ ಸಂಪರ್ಕವೂ ಇಲ್ಲದ ಹೆಣ್ಣುಮಗಳು, ಊರಾಚೆಯ ಕೇರಿಯ ಹುಡುಗ ಸುಲಭವಾಗಿ ಬರುವುದಿಲ್ಲ. ಭವಿಷ್ಯ ನಿಧಿ ಕಾಯ್ದೆ ಅನ್ವಯವಾಗುವುದು ಇಪ್ಪತ್ತು ಜನ ಇರುವಲ್ಲಿ. ಅದಕ್ಕಿಂತ ಕೆಳಗೆ ಉಳಿದಷ್ಟೂ ಮಾಲೀಕನಿಗೆ ಉಳಿತಾಯ. ಹಾಗಾಗಿ ಸಣ್ಣ ಘಟಕ ದೊಡ್ಡದಾಗದಿರಲು ಒಂದಲ್ಲ, ಎರಡು ಕಾರಣಗಳಿದ್ದವು. ಬೆಳೆಯಲೇಬೇಕಾದವರು ಬೆಳೆಯುವ ಬದಲು ಬೇರೆ ಬೇರೆ ಹೆಸರಿನಲ್ಲಿ ಎರಡನೆಯ, ಮೂರನೆಯ ಘಟಕ ತೆರೆದರು.

ಪಟ್ಟಿ ಕರಗುತ್ತ ಹೋದಾಗ ಏನಾಯಿತು ಎಂಬುದನ್ನು ಲೆಸ್ಲಿ ಮಾರ್ಟಿನ್, ಶಾಂತಿ ನಟರಾಜ್ ಮತ್ತು ಆ್ಯನ್ ಹ್ಯಾರಿಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಅಂಕಿಗಳನ್ನು ಹಿಡಿದು ಪರಿಶೀಲಿಸಿದರು. ಒಂದೊಂದು ವಸ್ತು ಒಂದೊಂದು ವರ್ಷ ಬಿಡುಗಡೆಯಾದ್ದರಿಂದ ಹೋಲಿಕೆ ಸಾಧ್ಯವಾಯಿತು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮೀಸಲು ತೆರವಿನ ಪ್ರಭಾವ ಹೆಚ್ಚು ಬಿದ್ದ ಜಿಲ್ಲೆಗಳಲ್ಲಿ ಉದ್ಯೋಗವೂ ಕೂಲಿಯೂ ಉಳಿದ ಜಿಲ್ಲೆಗಳಿಗಿಂತ ಹೆಚ್ಚು ಬೆಳೆದವು. ಆ ಬೆಳವಣಿಗೆಗೆ ಕಾರಣರಾದವರು ಹೊಸದಾಗಿ ಬಂದವರು ಮತ್ತು ಮಿತಿಯ ಅಂಚಿನಲ್ಲಿ ಉಸಿರು ಹಿಡಿದು ನಿಂತಿದ್ದ ಹಳಬರು. ತೀರಾ ಸಣ್ಣ ಘಟಕಗಳು ಕುಗ್ಗಿದವು. ಅಂದರೆ ಅದೇ ಜಿಲ್ಲೆಯಲ್ಲಿ ಒಂದು ಬಗೆಯ ಕೆಲಸ ಹೋಗಿ ಇನ್ನೊಂದು ಬಗೆಯ ಕೆಲಸ ಬಂತು. ಹೋದ ಕೆಲಸದಲ್ಲಿದ್ದವರಿಗೇ ಬಂದ ಕೆಲಸ ಸಿಕ್ಕಿತೆಂದು ಜಿಲ್ಲೆಯ ಮೊತ್ತ ಹೇಳುವುದಿಲ್ಲ. ಸ್ವಂತ ದರ್ಜಿ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದ ನಲವತ್ತೈದರ ಗಂಡಸು ಅದನ್ನು ಮುಚ್ಚಿದ ಮೇಲೆ ಕಾರ್ಖಾನೆಯ ಸಾಲಿನಲ್ಲಿ ಹೊಲಿಗೆಗೆ ಕೂರುವುದು ವಿರಳ. ಅಲ್ಲಿ ಕೂತದ್ದು ಇಪ್ಪತ್ತೆರಡರ ಹೆಣ್ಣುಮಗಳು.

ಬೆಂಗಳೂರಿನ ಗಾರ್ಮೆಂಟ್ಸ್‌ನ ಕತೆ ಇಲ್ಲಿ ಬರುತ್ತದೆ. 2000ದ ಜವಳಿ ನೀತಿಯ ನಂತರ ನೇಯ್ದ ಬಟ್ಟೆಯ ಸಿದ್ಧ ಉಡುಪು ಮೀಸಲು ಪಟ್ಟಿಯಿಂದ ಹೊರಬಂತು. 2005ರ ಜನವರಿ 1ರಂದು ಜಾಗತಿಕ ಜವಳಿ ಕೋಟಾ ಕೊನೆಗೊಂಡಿತು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ರಫ್ತಿನ ಕಾರ್ಖಾನೆಗಳು ಅದಕ್ಕೂ ಮೊದಲೇ ಇಲ್ಲಿದ್ದವು ಎಂಬುದನ್ನೂ ಮರೆಯಬಾರದು. ಆದರೆ ಒಂದೇ ಸೂರಿನಡಿ ನೂರಾರು ಮೆಷಿನ್ ಹಾಕಿ, ಬಟ್ಟೆ ಕತ್ತರಿಸುವುದರಿಂದ ಇಸ್ತ್ರಿ-ಪ್ಯಾಕಿಂಗ್‌ವರೆಗೆ ನಡೆಸುವ ಕಾರ್ಖಾನೆ ಸಲೀಸಾಗಿ ಸಾಧ್ಯವಾದದ್ದು ಈ ಎರಡು ತಡೆಗಳು ಹೋದ ಮೇಲೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಹೊಸೂರು ರಸ್ತೆಗಳಿಂದ ಅದು ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣದ ಕಡೆಗೆ ಹಬ್ಬಿತು.

ನೂರಾರು ಮೆಷಿನ್‌ಗಳ ಮುಂದೆ ಗೊತ್ತಿದ್ದವರನ್ನೇ ಕೂರಿಸಲಾಗದು. ಊರಿಂದ ಊರಿಗೆ ವ್ಯಾನು ಕಳಿಸಿ, ಗೇಟಿನ ಮುಂದೆ ಬೋರ್ಡು ಹಾಕಿ, ಬಂದವರನ್ನು ಸೇರಿಸಿಕೊಳ್ಳಬೇಕು. ನಂಬಿಕೆಯ ವರ್ತುಲ ಒಡೆದದ್ದು ಹೀಗೆ, ಯಾರ ಸುಧಾರಣೆಯ ಹಂಬಲದಿಂದಲೂ ಅಲ್ಲ. ಹೊಲಿಗೆಯ ಕಸಬಿನಲ್ಲಿ ಅಂಗಡಿಯ ದರ್ಜಿ ಸಾಮಾನ್ಯವಾಗಿ ಗಂಡಸಾಗಿದ್ದ. ಕಾರ್ಖಾನೆಯ ಟೈಲರ್ ಹೆಂಗಸಾದಳು. ಹತ್ತನೆಯ ತರಗತಿ ಮುಗಿಸಿದವಳು, ಮುಗಿಸದವಳು, ಗಂಡ ಬಿಟ್ಟವಳು, ಸಾಲ ತೀರಿಸಬೇಕಾದವಳು ಹೆಲ್ಪರ್ ಆಗಿ ಸೇರಿ ಕೆಲವೇ ತಿಂಗಳಲ್ಲಿ ಮೆಷಿನ್‌ಗೆ ಕೂತಳು. ಅವಳ ಹೆಸರಿನಲ್ಲಿ ಇಎಸ್‌ಐ ಕಾರ್ಡು ಬಂತು, ಪಿಎಫ್ ನಂಬರು ಬಂತು. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅಂಥ ಕಾಯ್ದೆಗೆ ಅರ್ಥ ಬರಬೇಕಾದರೆ ಮೊದಲು ಆ ಮೂವತ್ತು ಹೆಂಗಸರು ಒಂದೇ ಜಾಗದಲ್ಲಿ ಇರಬೇಕು. ಹತ್ತು ಮೆಷಿನ್‌ಗಳ ಘಟಕದಲ್ಲಿ ಅದು ಎಂದೂ ಅನ್ವಯವಾಗುತ್ತಲೇ ಇರಲಿಲ್ಲ.

ಈ ಲಾಭವನ್ನು ಕಡಿಮೆ ಅಂದಾಜು ಮಾಡುವ ಬರಹಗಳನ್ನು ಓದಿದಾಗ ನನಗೆ 2016ರ ಏಪ್ರಿಲ್ ನೆನಪಾಗುತ್ತದೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂದು ಕೇಂದ್ರ ಆ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಹೆಂಗಸರು, ಕಾರ್ಖಾನೆ ಬಿಟ್ಟು ರಸ್ತೆಗೆ ಬಂದರು. ಹೊಸೂರು ರಸ್ತೆ ನಿಂತುಹೋಯಿತು. ಅವರನ್ನು ಕರೆದುತಂದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆಗೆ, ಕೈಸಾಲಕ್ಕೆ, ಮನೆಯ ಭೋಗ್ಯಕ್ಕೆ ಆ ಹಣವೇ ಅವರ ಆಸರೆಯಾಗಿತ್ತು. ಇಡೀ ದೇಶದ ನಿಯಮವೊಂದನ್ನು ಎರಡು ದಿನದಲ್ಲಿ ಬದಲಿಸುವ ಶಕ್ತಿ ಅವರಿಗೆ ಬಂದದ್ದು ಅವರ ಹೆಸರುಗಳು ದಾಖಲೆಯಲ್ಲಿದ್ದುದರಿಂದ, ಒಂದೇ ರಸ್ತೆಯ ಇಕ್ಕೆಲದ ಕಾರ್ಖಾನೆಗಳಲ್ಲಿ ಅವರು ಒಟ್ಟಿಗೆ ಇದ್ದುದರಿಂದ. ಚದುರಿದ ಸಣ್ಣ ಘಟಕಗಳ ಕಾಲದಲ್ಲಿ ಇದು ಆಗುತ್ತಿರಲಿಲ್ಲ.

ಹಾಗೆಂದು ಇದನ್ನು ಸ್ಪರ್ಧೆಯ ಜಯ ಎಂದು ಬರೆದು ಮುಗಿಸಲಾರೆ. ಪೈಪೋಟಿ ಹೆಚ್ಚಿದಷ್ಟೂ ತಾರತಮ್ಯ ಕರಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿ ವಾದಿಸಿದ್ದರು. ಹೆಣ್ಣೆಂದೋ ಕಪ್ಪು ಜನಾಂಗವೆಂದೋ ಒಳ್ಳೆಯ ಕೆಲಸಗಾರರನ್ನು ದೂರ ಇಡುವ ಮಾಲೀಕ ಆ ಹಠಕ್ಕೆ ಬೆಲೆ ತೆರುತ್ತಾನೆ, ಪೈಪೋಟಿ ಬಂದಾಗ ಅದನ್ನು ತೆರುವ ಶಕ್ತಿ ಅವನಿಗೆ ಉಳಿಯುವುದಿಲ್ಲ ಎಂಬುದು ಅವರ ತರ್ಕ. ಬೆಂಗಳೂರಿನಲ್ಲಿ ಹೆಂಗಸರನ್ನು ಕರೆದದ್ದು ಹಠ ಕರಗಿದ್ದರಿಂದ ಮಾತ್ರವಲ್ಲ. ಅವರು ಕಡಿಮೆ ಸಂಬಳಕ್ಕೆ ಬರುತ್ತಾರೆ, ಎದುರಾಡುವುದಿಲ್ಲ, ಬೇರೆ ಕೆಲಸ ಹುಡುಕಲು ಅವರಿಗೆ ದಾರಿಗಳು ಕಡಿಮೆ ಎಂಬ ಲೆಕ್ಕವೂ ಅದರಲ್ಲಿತ್ತು. ಮೆಷಿನ್‌ಗಳ ಸಾಲಿನಲ್ಲಿ ಹೆಂಗಸರು ತುಂಬಿದರು. ಗಂಟೆಗಂಟೆಗೂ ಟಾರ್ಗೆಟ್ ಕೂಗುವ ಸೂಪರ್‌ವೈಸರ್, ಕಟಿಂಗ್ ಮಾಸ್ಟರ್, ಮೆಕ್ಯಾನಿಕ್, ಪ್ರೊಡಕ್ಷನ್ ಮ್ಯಾನೇಜರ್ ಜಾಗಗಳಲ್ಲಿ ಹೆಚ್ಚಾಗಿ ಗಂಡಸರೇ ಉಳಿದರು. ಇಷ್ಟು ವರ್ಷಗಳ ನಂತರ ಈಗ ಒಡಿಶಾ, ಜಾರ್ಖಂಡ್, ಅಸ್ಸಾಮಿನ ಹುಡುಗಿಯರು ಹಾಸ್ಟೆಲುಗಳಲ್ಲಿ ಇದ್ದುಕೊಂಡು ಅದೇ ಸಾಲುಗಳಿಗೆ ಬರುತ್ತಿದ್ದಾರೆ. ಇಲ್ಲಿಯ ಹೆಂಗಸರು ಸಂಬಳ ಸಾಲದೆಂದು ಬಿಟ್ಟ ಜಾಗವನ್ನು ಕಂಪನಿಗಳು ಸಂಬಳ ಏರಿಸಿ ತುಂಬದೆ, ದೂರದಿಂದ ಜನರನ್ನು ತಂದು ತುಂಬಿದವು.

ಅಮೆರಿಕದ ಬ್ಯಾಂಕುಗಳ ಅನುಭವ ಇದನ್ನು ಬೇರೆ ಬದಿಯಿಂದ ತೋರಿಸುತ್ತದೆ. 1970ರ ದಶಕದವರೆಗೆ ಅಲ್ಲಿಯ ಹಲವು ರಾಜ್ಯಗಳಲ್ಲಿ ಬ್ಯಾಂಕೊಂದು ಬೇಕಾದಲ್ಲಿ ಶಾಖೆ ತೆರೆಯುವಂತಿರಲಿಲ್ಲ. ಈ ನಿರ್ಬಂಧಗಳು ಒಂದೊಂದೇ ರಾಜ್ಯದಲ್ಲಿ ಸಡಿಲವಾಗುತ್ತ ಬಂದವು. ಸ್ಯಾಂಡ್ರಾ ಬ್ಲ್ಯಾಕ್ ಮತ್ತು ಫಿಲಿಪ್ ಸ್ಟ್ರಾಹನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಡಿಲಿಕೆಯ ನಂತರ ಬ್ಯಾಂಕಿನ ಗಂಡಸರ ಸಂಬಳ ಸುಮಾರು ಶೇ 12ರಷ್ಟು ಇಳಿಯಿತು, ಹೆಂಗಸರದ್ದು ಶೇ 3ರಷ್ಟು ಮಾತ್ರ. ಮ್ಯಾನೇಜರ್ ಹುದ್ದೆಗಳಲ್ಲಿ ಹೆಂಗಸರ ಪಾಲು ಏರಿತು. ಪೈಪೋಟಿಯಿಲ್ಲದ ಕಾಲದ ಹೆಚ್ಚುವರಿ ಲಾಭವನ್ನು ಬ್ಯಾಂಕಿನೊಳಗೆ ಯಾರು ಹಂಚಿಕೊಳ್ಳುತ್ತಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ. ಹೆಂಗಸರಿಗೆ ಸಿಕ್ಕ ಹುದ್ದೆಗಳು ನಿಜವಾದ ಗಳಿಕೆ. ಆದರೆ ಸಂಬಳದ ಅಂತರ ಕಿರಿದಾದದ್ದು ಕೆಳಗಿನವರು ಏರಿದ್ದರಿಂದಲ್ಲ, ಮೇಲಿನವರು ಹೆಚ್ಚು ಇಳಿದದ್ದರಿಂದ. ಸಮಾನತೆಯ ಅಂಕಿಯನ್ನು ಓದುವಾಗ ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಓದು ಅರ್ಧವಾಗುತ್ತದೆ.

ಭಾರತಕ್ಕೆ ಮರಳೋಣ. ಮೀಸಲು ಪಟ್ಟಿ ಕರಗುತ್ತಿದ್ದ ಅದೇ ವರ್ಷಗಳಲ್ಲಿ ಕಾರ್ಖಾನೆಗಳ ಹಾಜರಿ ಪುಸ್ತಕ ಇನ್ನೊಂದು ರೀತಿಯಲ್ಲಿ ಬದಲಾಯಿತು. 2000ದ ಸುಮಾರಿಗೆ ಸಂಘಟಿತ ಕಾರ್ಖಾನೆಗಳ ಐವರು ಕಾರ್ಮಿಕರಲ್ಲಿ ಒಬ್ಬರು ಗುತ್ತಿಗೆಯವರು. 2022-23ರ ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಆ ಪಾಲು ಶೇ 40 ದಾಟಿದೆ. ಅದೇ ಗೇಟು, ಅದೇ ಮೆಷಿನ್, ಪಕ್ಕಪಕ್ಕದಲ್ಲೇ ನಿಂತು ಕೆಲಸ. ಆದರೆ ಒಬ್ಬನ ಹೆಸರು ಕಂಪನಿಯ ಪುಸ್ತಕದಲ್ಲಿ, ಇನ್ನೊಬ್ಬನದು ಗುತ್ತಿಗೆದಾರನ ಪುಸ್ತಕದಲ್ಲಿ. ಬೋನಸ್ಸು, ಕ್ಯಾಂಟೀನು, ಯೂನಿಯನ್ ಸದಸ್ಯತ್ವ, ಬಡ್ತಿ ಎಲ್ಲದರಲ್ಲೂ ಆ ವ್ಯತ್ಯಾಸ ಕಾಣುತ್ತದೆ.

ಇದಕ್ಕೆ ಪ್ರವೇಶದ ಸಡಿಲಿಕೆಯೇ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಕನಿಷ್ಠ ಆ ರೂಪದಲ್ಲಿ ಒಪ್ಪುವುದಿಲ್ಲ. ಕೈಗಾರಿಕಾ ವಿವಾದ ಕಾಯ್ದೆಗೆ 1976ರಲ್ಲಿ ಸೇರಿದ ಅಧ್ಯಾಯವೊಂದು, ಮುನ್ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯಬಾರದೆಂದಿತು. ಎಂಬತ್ತರ ದಶಕದಲ್ಲಿ ಆ ಮಿತಿ ನೂರಕ್ಕೆ ಇಳಿಯಿತು. ಪೈಪೋಟಿಯಿಲ್ಲದಾಗ ಇದು ಮಾಲೀಕರಿಗೆ ಅಷ್ಟು ಭಾರವಾಗಿರಲಿಲ್ಲ, ಬೇಡಿಕೆ ಏರಿಳಿದರೂ ಲಾಭದ ಅಂತರ ದೊಡ್ಡದಿತ್ತು. ಪೈಪೋಟಿ ಬಂದ ಮೇಲೆ ಆರ್ಡರ್ ಬಂದಾಗ ಜನ ಬೇಕು, ಹೋದಾಗ ಬೇಡ ಎಂಬ ಸ್ಥಿತಿ ಬಂತು. ಕಾಯಂ ಕೆಲಸಗಾರನ ವಿಷಯದಲ್ಲಿ ಕಾನೂನು ಬಿಗಿ, ಗುತ್ತಿಗೆಯವನ ವಿಷಯದಲ್ಲಿ ಸಡಿಲ. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಕೆಲಸದಲ್ಲೂ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಂಪನಿಯ ಕಾರ್ಮಿಕರಾಗುವುದಿಲ್ಲ ಎಂದು ಹೇಳಿದ ಮೇಲೆ ಉಳಿದ ಅಳುಕೂ ಹೋಯಿತು. ಈ ತೀರ್ಪಿನ ನಂತರ ದೊಡ್ಡ ಕಾರ್ಖಾನೆಗಳು ಇನ್ನೂ ದೊಡ್ಡದಾಗಿ ಬೆಳೆಯಲು ಗುತ್ತಿಗೆಯೇ ದಾರಿ ಮಾಡಿಕೊಟ್ಟಿತೆಂದು ಮರಿಯಾನ್ ಬರ್ಟ್ರಾಂಡ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಆ ವಾದದಲ್ಲಿ ಸತ್ಯವಿದೆ. ಗುತ್ತಿಗೆಯಿಲ್ಲದಿದ್ದರೆ ಆ ಕೆಲಸಗಳಲ್ಲಿ ಕೆಲವು ಹುಟ್ಟುತ್ತಲೇ ಇರಲಿಲ್ಲ. ಆದರೆ ಕಾಯಂ ಕೆಲಸಗಾರನನ್ನು ರಕ್ಷಿಸಲು ಕಟ್ಟಿದ ಕಾನೂನಿನ ಬೆಲೆಯನ್ನು ಅದರ ಹೊರಗಿರುವವನು ತನ್ನ ಸಂಬಳದಿಂದ ತೆರುತ್ತಿದ್ದಾನೆ ಎಂಬುದೂ ಅಷ್ಟೇ ಸತ್ಯ.

ಜನರನ್ನು ಯಾವ ಕರಾರಿನ ಮೇಲೆ ಇಟ್ಟುಕೊಳ್ಳುತ್ತಾರೆ ಎಂಬುದರಷ್ಟೇ ಮುಖ್ಯ, ಅವರು ಏನು ಕಲಿತು ಹೊರಬರುತ್ತಾರೆ ಎಂಬುದು. ಈ ಅಂಶದಲ್ಲಿ ಜರ್ಮನಿಯ ಕಸುಬುದಾರರ ಉದಾಹರಣೆಯಷ್ಟು ಪಾಠ ಕಲಿಸುವುದು ಇನ್ನೊಂದಿಲ್ಲ. ಅಲ್ಲಿ ಟೈಲ್ಸ್ ಹಾಕುವವರಿಂದ ಹಿಡಿದು ಬೇಕರಿಯವರವರೆಗೆ 94 ಕಸುಬುಗಳಲ್ಲಿ ಸ್ವಂತ ಉದ್ದಿಮೆ ತೆರೆಯಬೇಕಾದರೆ 'ಮೈಸ್ಟರ್' ಪರೀಕ್ಷೆ ಪಾಸಾಗಬೇಕಿತ್ತು. ವರ್ಷಗಳ ಅನುಭವ, ದುಬಾರಿ ಶುಲ್ಕ, ಲೆಕ್ಕಪತ್ರ, ಶಿಷ್ಯರಿಗೆ ಕಲಿಸುವ ವಿಧಾನ ಎಲ್ಲವೂ ಅದರಲ್ಲಿ ಸೇರಿದ್ದವು. ಗೆರ್ಹಾರ್ಡ್ ಶ್ರೋಡರ್ ಸರ್ಕಾರ 2004ರ ಜನವರಿಯಿಂದ 53 ಕಸುಬುಗಳಿಗೆ ಈ ಕಡ್ಡಾಯವನ್ನು ತೆಗೆಯಿತು. ಜನರ ಸುರಕ್ಷತೆಗೆ ಸಂಬಂಧಪಟ್ಟ ಅಥವಾ ಹೆಚ್ಚು ಶಿಷ್ಯರನ್ನು ತಯಾರಿಸುವ 41 ಕಸುಬುಗಳಿಗೆ ಉಳಿಸಿತು. ಒಂದೇ ದೇಶ, ಒಂದೇ ವರ್ಷ, ಎರಡು ಗುಂಪು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಟೈಲ್ಸ್ ಹಾಕುವವರ ಉದ್ದಿಮೆಗಳು ಹನ್ನೆರಡು ವರ್ಷಗಳಲ್ಲಿ ಐದು ಪಟ್ಟು ಮೀರಿ ಹೆಚ್ಚಿದವು. ಸಂಖ್ಯೆಯನ್ನೇ ನೋಡುವವರಿಗೆ ಇದು ಅದ್ಭುತ. ಒಳಗೆ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಒಬ್ಬನೇ ಮನುಷ್ಯನ ಉದ್ದಿಮೆಗಳು. ಮಾಲೀಕನೂ ಅವನೇ, ಕೆಲಸಗಾರನೂ ಅವನೇ. ಅಲ್ಲೂ ಎರಡನೆಯ ನಿಯಮವೊಂದು ಕೆಲಸ ಮಾಡಿತ್ತು. 2004ರ ಮೇ 1ರಂದು ಪೋಲೆಂಡ್ ಸೇರಿ ಹತ್ತು ದೇಶಗಳು ಐರೋಪ್ಯ ಒಕ್ಕೂಟಕ್ಕೆ ಬಂದವು. ಪೋಲೆಂಡಿನವನು ಜರ್ಮನಿಯಲ್ಲಿ ನೌಕರನಾಗಿ ಮುಕ್ತವಾಗಿ ಸೇರಲು 2011ರವರೆಗೆ ನಿರ್ಬಂಧವಿತ್ತು. ಸ್ವಂತ ಉದ್ದಿಮೆ ತೆರೆಯಲು ಅಡ್ಡಿಯಿರಲಿಲ್ಲ. ಹೀಗಾಗಿ ಕೂಲಿಯಾಗಿ ಬರಬೇಕಾದವನು ಕಾಗದದ ಮೇಲೆ ಮಾಲೀಕನಾಗಿ ಬಂದ. ಅವಕಾಶವಿಲ್ಲದವನಿಗೆ ಅವಕಾಶ ಸಿಕ್ಕಿತು, ಗ್ರಾಹಕನಿಗೆ ಕೆಲಸ ಅಗ್ಗವಾಯಿತು. ಆದರೆ ಒಬ್ಬನೇ ದುಡಿಯುವವನು ಶಿಷ್ಯನನ್ನು ಇಟ್ಟುಕೊಳ್ಳುವುದಿಲ್ಲ. ಮೈಸ್ಟರ್ ಪರೀಕ್ಷೆಗೆ ಕೂರುವವರ ಸಂಖ್ಯೆಯೂ ಆ ಕಸುಬುಗಳಲ್ಲಿ ಕುಸಿಯಿತು, ತರಬೇತಿಗೆ ಸೇರುವ ಹುಡುಗರೂ ಕಡಿಮೆಯಾದರು. ಹಳೆಯ ನಿಯಮ ಪೈಪೋಟಿಯನ್ನು ತಡೆಯುವುದರ ಜೊತೆಗೆ, ಮುಂದಿನ ತಲೆಮಾರಿಗೆ ಕಲಿಸುವ ಖರ್ಚನ್ನೂ ಹೊರುತ್ತಿತ್ತು. ನಿಯಮವನ್ನು ತೆಗೆದಾಗ ಆ ಖರ್ಚನ್ನು ಇನ್ನು ಯಾರು ಹೊರಬೇಕು ಎಂದು ಯಾರೂ ತೀರ್ಮಾನಿಸಿರಲಿಲ್ಲ. 2020ರ ಫೆಬ್ರವರಿಯಲ್ಲಿ ಜರ್ಮನಿ ಟೈಲ್ಸ್ ಕೆಲಸವೂ ಸೇರಿದಂತೆ ಹನ್ನೆರಡು ಕಸುಬುಗಳಿಗೆ ಮೈಸ್ಟರ್ ಕಡ್ಡಾಯವನ್ನು ಮತ್ತೆ ತಂದಿತು. ಈ ನಡುವೆ ಉದ್ದಿಮೆ ಶುರು ಮಾಡಿದವರು ಮುಂದುವರಿಯಬಹುದು ಎಂದೂ ಹೇಳಿತು.

ಜರ್ಮನಿ ಹಿಂದಕ್ಕೆ ಹೆಜ್ಜೆ ಇಟ್ಟದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಕಲಿಸುವವರಿಗೆ ಸರ್ಕಾರ ನೇರವಾಗಿ ಹಣ ಕೊಟ್ಟಿದ್ದರೆ, ಅಥವಾ ಕಲಿಸದವರಿಂದ ಸಣ್ಣ ವಂತಿಗೆ ವಸೂಲಿ ಮಾಡಿದ್ದರೆ, ಪ್ರವೇಶವನ್ನು ಮುಚ್ಚದೆಯೇ ಶಿಷ್ಯವೃತ್ತಿಯನ್ನು ಉಳಿಸಿಕೊಳ್ಳಬಹುದಿತ್ತು. ನಮ್ಮಲ್ಲಿ ಇದೇ ನಷ್ಟ ಸದ್ದಿಲ್ಲದೆ ಆಗಿದೆ. ಕಾಜಾ-ಗುಂಡಿ ಹಾಕುತ್ತ ದರ್ಜಿ ಅಂಗಡಿಯಲ್ಲಿ ಬೆಳೆದ ಹುಡುಗ ಕೆಲವು ವರ್ಷಗಳಲ್ಲಿ ಇಡೀ ಅಂಗಿಯನ್ನು ಅಳತೆ ತೆಗೆದು ಕತ್ತರಿಸಿ ಹೊಲಿಯಬಲ್ಲವನಾಗುತ್ತಿದ್ದ. ಕಾರ್ಖಾನೆಯಲ್ಲಿ ಒಬ್ಬಳು ಕಾಲರ್, ಇನ್ನೊಬ್ಬಳು ಕಫ್, ಮತ್ತೊಬ್ಬಳು ಸೈಡ್ ಸೀಮ್. ಹದಿನೈದು ವರ್ಷ ದುಡಿದವಳಿಗೂ ಪೂರ್ತಿ ಅಂಗಿ ಬಾರದೆ ಇರಬಹುದು. ಕೆಲಸ ಬಿಟ್ಟ ದಿನ ಅವಳ ಕೈಯಲ್ಲಿ ಪಿಎಫ್ ಇರುತ್ತದೆ, ಸ್ವತಂತ್ರವಾಗಿ ಬದುಕು ಕಟ್ಟುವ ಕಸುಬು ಇರುವುದಿಲ್ಲ. 1961ರ ಶಿಶಿಕ್ಷು ಕಾಯ್ದೆ ಪುಸ್ತಕದಲ್ಲಿದೆ. ಹೊಲಿಗೆಯ ಸಾಲಿನಲ್ಲಿ ಅದರ ಸುಳಿವು ಕಾಣುವುದು ಕಷ್ಟ.

ಪ್ರವೇಶವನ್ನು ಸಲೀಸಾಗಿಸಿದ ಇನ್ನೊಂದು ದೇಶವಾದ ಪೋರ್ಚುಗಲ್ 2005ರಲ್ಲಿ 'ಒಂದು ಗಂಟೆಯಲ್ಲಿ ಕಂಪನಿ' ಎಂಬ ಯೋಜನೆ ತಂದಿತು. ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಿದ್ದ ನೋಂದಣಿ ಒಂದೇ ಕಿಟಕಿಯಲ್ಲಿ ಒಂದು ಗಂಟೆಯೊಳಗೆ ಮುಗಿಯತೊಡಗಿತು. ಕಂಪನಿಗಳೂ ಹೆಚ್ಚಿದವು, ಉದ್ಯೋಗವೂ ಹೆಚ್ಚಿತು. ಹೊಸ ಕಂಪನಿಗಳು ಹೆಚ್ಚಾಗಿ ಸಣ್ಣವು, ಕಡಿಮೆ ಓದಿದವರು ತೆರೆದವು, ಕಟ್ಟಡ, ಕೃಷಿ, ಚಿಲ್ಲರೆ ವ್ಯಾಪಾರದವು, ಮೊದಲ ಎರಡು ವರ್ಷ ದಾಟುವ ಸಾಧ್ಯತೆ ಕಡಿಮೆ ಇದ್ದವು ಎಂದು ಲೀ ಬ್ರಾನ್‌ಸ್ಟೆಟರ್ ಮತ್ತು ಸಂಗಡಿಗರ ಅಧ್ಯಯನ ಹೇಳಿತು. ಇದನ್ನು ಸೋಲೆಂದು ಓದುವವರು ಹೆಚ್ಚು. ಕಡಿಮೆ ಓದಿದವನಿಗೆ ಕಂಪನಿ ತೆರೆಯುವ ಹಕ್ಕು ಸಿಕ್ಕದ್ದನ್ನು ನಾನು ಸೋಲೆನ್ನಲಾರೆ. ಆದರೆ ಎರಡು ವರ್ಷಕ್ಕೆ ಮುಚ್ಚುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದವನ ಪಾಡು ಆ ಒಂದು ಗಂಟೆಯ ಲೆಕ್ಕದಲ್ಲಿ ಬರುವುದಿಲ್ಲ.

ಕರ್ನಾಟಕದ ನೀತಿ ಮಾಡುವವರ ಮುಂದೆ ಈ ಎಲ್ಲ ಅನುಭವಗಳೂ ಇವೆ. 2015ರಲ್ಲಿ ಅಗರಬತ್ತಿ ಮೀಸಲು ಪಟ್ಟಿಯಿಂದ ಹೊರಬಂದಾಗ, ಮೈಸೂರು-ಬೆಂಗಳೂರು ಸುತ್ತಮುತ್ತ ಮನೆಯ ಜಗಲಿಯಲ್ಲಿ ಕೂತು ಸಾವಿರಕ್ಕಿಷ್ಟು ಎಂದು ಬತ್ತಿ ಹೊಸೆಯುವ ಹೆಂಗಸರ ಕೆಲಸ ಯಂತ್ರಕ್ಕೆ ಹೋಗಬಹುದೆಂಬುದು ಊಹಿಸಲಾಗದ ಸಂಗತಿಯಾಗಿರಲಿಲ್ಲ. ಆ ಕೂಲಿ ಎಂದೂ ನ್ಯಾಯವಾಗಿರಲಿಲ್ಲ. ಅದನ್ನು ಉಳಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಯಂತ್ರದ ಮುಂದೆ ಅದೇ ಹೆಂಗಸರನ್ನು ಕೂರಿಸುವ ತರಬೇತಿ ಮತ್ತು ನೇಮಕದ ಷರತ್ತು ಸಡಿಲಿಕೆಯ ಆದೇಶದ ಜೊತೆಗೇ ಬರಬೇಕಿತ್ತು ಎಂಬುದು ನನ್ನ ವಾದ. ರಾತ್ರಿ ಪಾಳಿಯ ವಿಷಯವೂ ಹೀಗೆಯೇ. 1948ರ ಕಾಯ್ದೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರು ಕಾರ್ಖಾನೆಯಲ್ಲಿ ದುಡಿಯುವುದನ್ನು ತಡೆದಿತ್ತು. ಮೂರು ಪಾಳಿಯಲ್ಲಿ ನಡೆಯುವ ಎಂಜಿನಿಯರಿಂಗ್ ಕಾರ್ಖಾನೆ ಎಷ್ಟೇ ಸಲೀಸಾಗಿ ಪರವಾನಗಿ ಪಡೆದರೂ ಹೆಂಗಸರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿತ್ತು. ಕರ್ನಾಟಕ 2023ರ ತಿದ್ದುಪಡಿಯಲ್ಲಿ ಷರತ್ತುಗಳೊಂದಿಗೆ ಆ ತಡೆಯನ್ನು ಸಡಿಲಿಸಿತು. ಅದೇ ತಿದ್ದುಪಡಿ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಒಯ್ಯಲೂ ಅವಕಾಶ ಕೊಟ್ಟಿತು. ಹನ್ನೆರಡು ಗಂಟೆ ದುಡಿದು ಮನೆಗೆ ಹೋಗಿ ಅಡುಗೆ ಮಾಡಬೇಕಾದವಳಿಗೆ ಮೊದಲ ಸಡಿಲಿಕೆ ಕೊಟ್ಟದ್ದನ್ನು ಎರಡನೆಯದು ಕಿತ್ತುಕೊಳ್ಳುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಜನರನ್ನು ತೆಗೆಯಲು ಅನುಮತಿ ಬೇಕಾದ ಮಿತಿ ಮತ್ತೆ ಮುನ್ನೂರಕ್ಕೆ ಏರಿದೆ. ನಿಗದಿತ ಅವಧಿಯ ನೇಮಕಕ್ಕೆ ಕಾನೂನಿನ ಮನ್ನಣೆ ಸಿಕ್ಕಿದೆ, ಅಂಥವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗಬೇಕು. ಗುತ್ತಿಗೆದಾರನನ್ನು ಬಿಟ್ಟು ನೇರವಾಗಿ ಜನರನ್ನು ಸೇರಿಸಿಕೊಳ್ಳಲು ಕಂಪನಿಗಳಿಗೆ ಈಗ ಕಾರಣವಿದೆ. ಹೀಗೆ ಆದರೆ ಅದು ಒಳ್ಳೆಯ ಬದಲಾವಣೆ, ಅದನ್ನು ಸ್ವಾಗತಿಸಲು ನನಗೆ ಹಿಂಜರಿಕೆಯಿಲ್ಲ. ಆದರೆ ಕಾಯಂ ಆಗಿದ್ದವನ ಜಾಗವೂ ವರ್ಷದಿಂದ ವರ್ಷಕ್ಕೆ ನವೀಕರಿಸುವ ಕರಾರಾಗಿ ಬದಲಾಗುವ ಸಾಧ್ಯತೆಯೂ ಅಷ್ಟೇ ಇದೆ. ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಕಾರ್ಮಿಕರನ್ನು ನೇರವಾಗಿ ನೇಮಕವಾದವರು, ಗುತ್ತಿಗೆದಾರನ ಮೂಲಕ ಬಂದವರು ಎಂದು ಎರಡೇ ಕಾಲಂಗಳಲ್ಲಿ ಎಣಿಸುತ್ತಾರೆ. ನಿಗದಿತ ಅವಧಿಯವರು ಮೊದಲ ಕಾಲಂಗೆ ಸೇರುತ್ತಾರೆ. ಆಗ ಗುತ್ತಿಗೆಯ ಪಾಲು ಶೇ 40ರಿಂದ ಕೆಳಗಿಳಿದಂತೆ ಕಾಣುತ್ತದೆ, ಭದ್ರವಾದ ಕೆಲಸ ಮಾತ್ರ ಒಂದೂ ಹೆಚ್ಚಿರುವುದಿಲ್ಲ. ಸಮೀಕ್ಷೆಯ ನಮೂನೆಯಲ್ಲಿ ನಿಗದಿತ ಅವಧಿಯವರಿಗೆ ಮೂರನೆಯ ಕಾಲಂ ಒಂದನ್ನು, ಅದರಲ್ಲಿ ಹೆಣ್ಣು-ಗಂಡಿನ ಲೆಕ್ಕದೊಂದಿಗೆ, ಈಗಲೇ ಸೇರಿಸಬೇಕು. ರಾಜ್ಯದ ಏಕಗವಾಕ್ಷಿಯಲ್ಲಿ ಒಪ್ಪಿಗೆ ಪಡೆದ ಪ್ರತಿ ಕಾರ್ಖಾನೆಯೂ ಮೂರು ವರ್ಷದ ನಂತರ ಅದೇ ನಮೂನೆಯಲ್ಲಿ ತನ್ನ ಹಾಜರಿ ಪುಸ್ತಕದ ಲೆಕ್ಕ ಕೊಡಬೇಕು. ಭವಿಷ್ಯ ನಿಧಿ ಸಂಸ್ಥೆಗೆ ಕಂಪನಿಗಳು ತಿಂಗಳುತಿಂಗಳೂ ಸಲ್ಲಿಸುವ ವಿವರದಲ್ಲಿ ಹೆಸರುಗಳೂ ಸಂಬಳವೂ ಈಗಾಗಲೇ ಇರುವುದರಿಂದ ಇದಕ್ಕೆ ಹೊಸ ಇನ್‌ಸ್ಪೆಕ್ಟರ್ ಯಾರೂ ಬೇಕಾಗಿಲ್ಲ.